ಕುಂಕುಮ ಹತ್ತಿದ ಕೈಗಡಿಯಾರ

ಬನಶಂಕರಿ ಎರಡನೆಯ ಹಂತ,
ಬೆಂಗಳೂರು.
೧೨ ನವೆಂಬರ್ ೧೯೯೮

ಪ್ರಿಯ ಶಿಷ್ಯ ಬೈರಣ್ಣನಿಗೆ,

ನಿನ್ನ ಬದರಿನಾಥ ಮೇಷ್ಟ್ರ ಆಶೀರ್ವಾದಗಳು. ಮಗಳ ಮದುವೆಯ ಓಡಾಟದಲ್ಲಿ ದಣಿದಿದ್ದರೂ ಮನೆಯವರೆಲ್ಲ ಕ್ಷೇಮವಾಗಿರುವಿರೆಂದು ನಂಬಿದ್ದೇನೆ.

ಈ ಕಾಗದವನ್ನು ಹೊಸಕೆರೆಹಳ್ಳಿಯ ಮನೆಗೆ ಕಳಿಸದೆ ಕತ್ರಿಗುಪ್ಪೆಯ ನಿನ್ನ ಸಿಮೆಂಟ್ ಅಂಗಡಿಗೆ ಕಳಿಸುತ್ತಿದ್ದೇನೆ. ಮನೆಗೆ ಬಂದ ಕಾಗದವನ್ನೆಲ್ಲ ನಿನ್ನ ಮಗಳು ಶೃತಿ ಅಜ್ಜಿಯ ಮುಂದೆ ಕುಳಿತು ಗಟ್ಟಿಯಾಗಿ ಓದುತ್ತಾಳೆ. ಇದು ನಿನ್ನ ತಾಯಿಯ ಕಿವಿಗೆ ಬೀಳಬಾರದು. ದೂರವಾಣಿಯಲ್ಲಿ ಹೇಳೋಣವೆಂದರೆ ನೀನು ‘ಆಯ್ತು ಸಾರ್, ಆಯ್ತು ಸಾರ್’ ಎನ್ನುತ್ತಲೇ ಇನ್ನೊಬ್ಬರೊಡನೆ ಜಲ್ಲಿಯ ಲೋಡಿನ ಮಾತಾಡುತ್ತಿರುತ್ತೀಯೆ. ನನ್ನ ಗಣಿತದ ತರಗತಿಯಲ್ಲಿಯೂ ನಿನ್ನದು ಇದೇ ಅಭ್ಯಾಸವಾಗಿತ್ತು. ಆದ್ದರಿಂದ ಅಂಗಡಿಯ ಷಟರನ್ನು ಅರ್ಧ ಎಳೆದು, ಕುಳಿತು, ಕೊನೆಯವರೆಗೆ ಓದು.

ಕಳೆದ ತಿಂಗಳು ನಿಮ್ಮ ಮನೆಯ ಹಜಾರದಲ್ಲಿ ನಿನ್ನ ತಂದೆ ದಿವಂಗತ ಮುನಿಯಣ್ಣನವರ ಚಿನ್ನದ ಕೈಗಡಿಯಾರವನ್ನು ನನಗೆ ಒಪ್ಪಿಸಿದೆಯಲ್ಲ. ‘ಸಾರ್, ಇದನ್ನ ಧಾರೆ ದಿನ ನಮ್ ಅಳಿಯನ ಕೈಗೆ ಕಟ್ಬೇಕು. ನಿಂತೋಗದೆ. ಹೊಸದು ಅನ್ನಂಗೆ ಫಳಫಳ ಅನ್ನಿಸ್ಬಿಡಿ. ಬರೀ ಅಂಗಡಿಯೋರ ಕೈಗೆ ಬಿಟ್ರೆ ಚಿನ್ನ ಕೆರ್ಕಂತಾರೆ. ನೀವಾದ್ರೆ ಪಕ್ಕದಲ್ಲೇ ಕೂತು ಜೀವ ತಿಂತೀರ’ ಎಂದೆ. ಕೊನೆಯ ಮಾತು ಹೊಗಳಿಕೆಯೋ ಅಲ್ಲವೋ ಎಂದು ನಾನು ವಿಚಾರಿಸಲಿಲ್ಲ. ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಅರೆಕೆರೆಯ ನಿನ್ನ ತಾತ ತಮ್ಮ ಅಳಿಯನಿಗೆ ಕಟ್ಟಿದ ಗಡಿಯಾರವನ್ನು ಈಗ ನೀನು ನಿನ್ನ ಅಳಿಯನಿಗೆ ಕಟ್ಟುವುದು ಸರಿಯಾಗಿಯೇ ಇದೆ ಎನ್ನಿಸಿತು. ಗಂಡಿನ ಕಡೆಯವರು ಹಳೆಯ ಸಾಮಾನು ಕೊಟ್ಟರೆಂದು ಆಡಿಕೊಂಡಾರೆಂಬ ನಿನ್ನ ಅಂಜಿಕೆಯೂ ನನಗೆ ಅರ್ಥವಾಯಿತು. ನಿನ್ನ ತಾಯಿ ಲಕ್ಷ್ಮಿದೇವಮ್ಮನವರು ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವರು ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಗಡಿಯಾರವಿದ್ದ ತಗಡಿನ ಪೆಟ್ಟಿಗೆಯನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು.

ಅಂದು ಸಂಜೆ ಮನೆಯಲ್ಲಿ ಕನ್ನಡಕ ಹಾಕಿಕೊಂಡು ಅದನ್ನು ನೋಡಿದೆ. ಬೈರಣ್ಣ, ನೀನು ಅದನ್ನು ಎಂದಾದರೂ ಸರಿಯಾಗಿ ನೋಡಿದ್ದೀಯೆಯೋ ಇಲ್ಲವೋ! ಎಷ್ಟು ತೆಳುವಾದ ವಸ್ತು! ಅಂಗೈಯಲ್ಲಿಟ್ಟುಕೊಂಡರೆ ಇದೆಯೋ ಇಲ್ಲವೋ ಎನ್ನುವಂತಿದೆ. ಕೆನೆಯ ಬಣ್ಣದ ಮುಖದ ಮೇಲೆ ಅಂಕೆಗಳನ್ನು ಯಾರೋ ಉಸಿರು ಹಿಡಿದು ಬರೆದಂತಿದೆ. ನಿಮಿಷದ ಮುಳ್ಳು ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣಗಾಗಿ, ಅಂಚಿನ ಗೆರೆಯನ್ನು ಮುಟ್ಟಿಯೂ ಮುಟ್ಟದಂತೆ ನಿಲ್ಲುತ್ತದೆ. ಇಂಥ ಅಚ್ಚುಕಟ್ಟನ್ನು ನಾನು ಜೀವಮಾನವೆಲ್ಲ ಮಕ್ಕಳಿಂದ ಬೇಡಿದೆ, ಒಬ್ಬಿಬ್ಬರಿಂದ ಪಡೆದೆ.

ಆ ಅಚ್ಚುಕಟ್ಟಿನ ಕೆಳಭಾಗದಲ್ಲಿ, ಐದರಿಂದ ಏಳರವರೆಗೆ, ಕೆಂಪು ಕಲೆ. ಅದು ಹೇಗೆ ಬಂದಿತೆಂದು ನಿನಗೆ ಗೊತ್ತು. ಪ್ರತಿ ಆಯುಧಪೂಜೆಯಂದು ನಿನ್ನ ತಾಯಿ ಕುಡುಗೋಲು, ಸನಿಕೆ, ಸೈಕಲ್ಲುಗಳ ಜೊತೆ ಇದನ್ನೂ ಮಣೆಯ ಮೇಲಿಟ್ಟು, ನೀರು ಚಿಮುಕಿಸಿ, ಗಂಧ ಹಚ್ಚಿ, ಗಾಜಿನ ಮೇಲೆ ಒದ್ದೆ ಕುಂಕುಮದ ಬೊಟ್ಟಿಡುತ್ತ ಬಂದಿದ್ದಾರೆ. ತವರಿನವರು ಕೊಟ್ಟದ್ದೆಂದು ಇದಕ್ಕೆ ಒಂದು ಬೊಟ್ಟು ಹೆಚ್ಚು. ಆ ನೀರು ಗಾಜಿನ ಸಂದಿಯಲ್ಲಿ ಇಳಿದಿದೆ. ಕಲೆಯನ್ನು ಕಂಡೊಡನೆ ನನಗೆ ಸಹಿಸಲಾಗಲಿಲ್ಲ. ಇದನ್ನು ತೆಗೆಸಿ, ಹೊಸ ಡಯಲ್ ಬರೆಸಿಯೇ ತೀರಬೇಕೆಂದು ಆಗಲೇ ನಿಶ್ಚಯಿಸಿದೆ. ಇನ್ನೊಂದು ಸಂಗತಿ: ಆರರ ಅಂಕೆ ಈಗ ಡಯಲಿನ ಮೇಲಿಲ್ಲ. ಅದರ ವಿಷಯ ಮುಂದೆ ಬರೆಯುತ್ತೇನೆ.

ಪೆಟ್ಟಿಗೆಯ ತಳದಲ್ಲಿ ಒಂದು ಹರಿದ ರಸೀದಿ ಇತ್ತು. ವಿಲ್ಸನ್ ಗಾರ್ಡನ್ನಿನ ಒಂದು ಗಡಿಯಾರದ ಅಂಗಡಿಯ ವಿಳಾಸ. ಮರುದಿನವೇ ಬಸ್ಸು ಹತ್ತಿದೆ. ಅಂಗಡಿ ಎಂದರೆ ಒಂದು ಔಷಧದಂಗಡಿಯ ಮೆಟ್ಟಿಲ ಕೆಳಗಿನ ಜಾಗ. ಒಂದು ಗಾಜಿನ ಪೆಟ್ಟಿಗೆ, ಒಂದು ದೀಪ, ಒಂದು ಬೆಂಚು. ಅಂಗಡಿಯವರು ಪಿಳ್ಳಣ್ಣ ಎಂದು. ಅರವತ್ತು ದಾಟಿದವರು; ತಂದೆಯ ಕಾಲದಿಂದಲೂ ಅಲ್ಲಿಯೇ ಕುಳಿತವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಹಿಂದಿನ ಮುಚ್ಚಳವನ್ನು ಎತ್ತಿದರು. ಆ ಕೈಗಳನ್ನು ನೀನು ನೋಡಬೇಕಿತ್ತು. ರಸ್ತೆಯಲ್ಲಿ ಬಸ್ಸು ಹೋದರೆ ಅಂಗಡಿಯೇ ನಡುಗುತ್ತದೆ, ಆ ಬೆರಳು ನಡುಗುವುದಿಲ್ಲ.

ಮುಚ್ಚಳದ ಒಳಭಾಗವನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ, ‘ಇದು ಹೊಸಕೆರೆಹಳ್ಳಿಯವರ್ದು ಅಲ್ವಾ ಸಾರ್? ಅವರೆಲ್ಲಿ?’ ಎಂದು ಕೇಳಿದರು. ತೀರಿಕೊಂಡು ನಾಲ್ಕು ವರ್ಷವಾಯಿತು ಎಂದೆ. ‘ಓ’ ಎಂದು ಮುಚ್ಚಳವನ್ನು ಕೆಳಗಿಟ್ಟರು. ‘ಅದಕ್ಕೇ ಈ ಗತಿಗೆ ಬಂದಿದೆ. ವರ್ಷಾವರ್ಷ ನೋಡ್ಕೊಂಡಿದ್ದ ಮೆಷಿನ್ನು ಇದು. ಈಗ ನೀರಿಳಿದು ತುಕ್ಕು ಹಿಡ್ಕೊಂಡಿದೆ’ ಎಂದರು. ನಾನು ನನ್ನ ಪಟ್ಟಿಯನ್ನು ಓದಿದೆ: ಮೆಷಿನ್ ನಡೆಯಬೇಕು, ಚಿನ್ನಕ್ಕೆ ಒಳಗೂ ಹೊರಗೂ ಪಾಲಿಶ್ ಆಗಬೇಕು, ಡಯಲನ್ನು ಹೊಸದಾಗಿ ಬರೆಸಬೇಕು. ಅವರು ತಲೆಯೆತ್ತಲಿಲ್ಲ. ‘ಮೊದ್ಲು ಮೆಷಿನ್ ನೋಡಣ ಸಾರ್. ಮುಖದ ಮಾತು ಆಮೇಲೆ. ಮುಂದಿನ ಶನಿವಾರ ಬನ್ನಿ’ ಎಂದರು.

ಶನಿವಾರ ಹೋದಾಗ ಗಡಿಯಾರದ ಭಾಗಗಳೆಲ್ಲ ಬಿಳಿಯ ಕಾಗದದ ಮೇಲೆ ಸಾಲಾಗಿ ಕುಳಿತಿದ್ದವು. ಗಾಜು ಬೇರೆ, ಮುಳ್ಳು ಬೇರೆ, ಡಯಲ್ ಬೇರೆ. ಪಿಳ್ಳಣ್ಣನವರು ‘ಒಂದ್ನಿಮಿಷ ಸಾರ್, ಕಾಫಿ ಹೇಳ್ಬರ್ತೀನಿ’ ಎಂದು ಎದ್ದರು. ಡಯಲ್ ನನ್ನ ಎದುರಿಗೆ ಬರಿಮೈಯಲ್ಲಿ ಬಿದ್ದಿತ್ತು. ಆ ಕೆಂಪು ಕಲೆ ನನ್ನನ್ನೇ ನೋಡುತ್ತಿತ್ತು. ಈಗ ಬರೆಯುವುದನ್ನು ಬರೆಯಲು ಒಂದು ವಾರ ತಡ ಮಾಡಿದ್ದೇನೆ, ಬೈರಣ್ಣ. ನಾನು ಕರವಸ್ತ್ರದ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ, ಮೂವತ್ತೈದು ವರ್ಷ ಮಕ್ಕಳ ಸ್ಲೇಟು ಒರೆಸಿದ ಹಾಗೆ, ಒಂದು ಸಲ ಒರೆಸಿದೆ. ಕಲೆ ಹೋಗಲಿಲ್ಲ. ಆರು ಹೋಯಿತು. ಕರವಸ್ತ್ರದ ಮೇಲೆ ಒಂದು ಕಪ್ಪು ಚುಕ್ಕೆಯಾಗಿ ಬಂದಿತು.

ಪಿಳ್ಳಣ್ಣನವರು ಕಾಫಿ ಹಿಡಿದುಕೊಂಡು ಬಂದವರು ನಿಂತೇ ಬಿಟ್ಟರು. ‘ಏನ್ ಸಾರ್ ಇದು! ಬೋರ್ಡು ಅಂದ್ಕೊಂಡ್ರಾ?’ ಎಂದರು. ನಾನು ಕರವಸ್ತ್ರವನ್ನು ಮಡಿಸಿ ಜೇಬಿಗಿಟ್ಟೆ. ‘ಮೂವತ್ತು ವರ್ಷ ನಮ್ಮಪ್ಪನೂ ನಾನೂ ಆ ಮುಖದ ಮೇಲೆ ಗಾಳಿ ಕೂಡ ಊದಿಲ್ಲ ಸಾರ್. ನೀವು ಒಂದೇ ನಿಮಿಷದಲ್ಲಿ…’ ಎಂದು ವಾಕ್ಯವನ್ನು ಅಲ್ಲಿಗೇ ಬಿಟ್ಟರು. ನನ್ನನ್ನು ಯಾರಾದರೂ ಹೀಗೆ ಗದರಿಸಿ ಎಷ್ಟೋ ಕಾಲವಾಗಿತ್ತು. ಅವರು ಗದರಿಸಿದ್ದು ನ್ಯಾಯವಾಗಿಯೇ ಇತ್ತು.

ಕಾಫಿ ತಣ್ಣಗಾದ ಮೇಲೆ ಅವರೇ ಮೆತ್ತಗಾಗಿ ಮುಚ್ಚಳವನ್ನು ದೀಪದ ಕೆಳಗೆ ಹಿಡಿದು, ತಮ್ಮ ಭೂತಗನ್ನಡಿಯನ್ನು ನನ್ನ ಕಣ್ಣಿಗೆ ಸಿಕ್ಕಿಸಿದರು. ಗಡಿಯಾರ ರಿಪೇರಿ ಮಾಡುವವರು ಕೆಲಸ ಮುಗಿಸಿದ ಮೇಲೆ ಮುಚ್ಚಳದ ಒಳಗೆ ಸೂಜಿಯಿಂದ ತಾರೀಖನ್ನೂ ತಮ್ಮ ಗುರುತನ್ನೂ ಗೀಚಿಡುತ್ತಾರಂತೆ. ಮುಂದೆ ಬಿಚ್ಚುವವನಿಗೆ ತಿಳಿಯಲೆಂದು. ಹೊರಗಿನವರಿಗೆ ಅದು ಕಾಣುವುದಿಲ್ಲ. ನಿನ್ನ ತಂದೆಯ ಗಡಿಯಾರದ ಮುಚ್ಚಳದಲ್ಲಿ ಅಂಥ ಗೀಚು ಒಂದಲ್ಲ, ಎರಡಲ್ಲ. ಅಂಚಿನಿಂದ ನಡುವಿನವರೆಗೆ ಸುರುಳಿಯಾಗಿ ಸುತ್ತಿಕೊಂಡು ಬಂದಿವೆ. ಅರವತ್ತೊಂದರಿಂದ ತೊಂಬತ್ತಮೂರರವರೆಗೆ ನಾನು ಎಣಿಸಿದೆ. ಮೂವತ್ತೆರಡು. ಎಲ್ಲವೂ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್. ‘ಒಳ್ಳೆ ಗಡಿಯಾರನ ಮೂರು ನಾಲ್ಕು ವರ್ಷಕ್ಕೊಂದ್ಸಲ ಬಿಚ್ಚಿದ್ರೆ ಸಾಕು ಸಾರ್. ಇವರು ಹಬ್ಬ ಮುಗೀತು ಅಂದ್ರೆ ಹಾಜರ್’ ಎಂದರು ಪಿಳ್ಳಣ್ಣ.

ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. ಮೊದಲ ವರ್ಷವೇ ಪಿಳ್ಳಣ್ಣನವರ ತಂದೆ ನಿನ್ನ ತಂದೆಗೆ, ಗೌಡರೇ, ಮನೆಯಲ್ಲಿ ಗಡಿಯಾರಕ್ಕೆ ನೀರು ಸೋಕಿಸಬೇಡಿ ಎಂದು ಹೇಳಿ, ಮೆಷಿನ್ ಹಾಳಾಗುತ್ತದೆ ಎಂದರಂತೆ. ಅದಕ್ಕೆ ನಿನ್ನ ತಂದೆ, ‘ಅವ್ಳಪ್ಪ ಕೊಟ್ಟಿರೋ ವಾಚು, ಅವ್ಳು ಪೂಜೆ ಮಾಡ್ತಾಳೆ. ಬ್ಯಾಡ ಅನ್ನಕೆ ನಾನ್ಯಾರು? ನೀರು ತೆಗೆಯಕೆ ನೀನಿದ್ದೀಯಲ್ಲ’ ಎಂದರಂತೆ. ಡಯಲಿಗೆ ಕೆಂಪು ಹತ್ತಿದ ವರ್ಷ, ಅದನ್ನೂ ಬರೆಸಿಕೊಡುತ್ತೇವೆ ಎಂದರೆ ಬೆಂಚಿನಿಂದ ಎದ್ದೇ ನಿಂತರಂತೆ. ‘ಒಳಗೇನಾದ್ರೂ ಮಾಡ್ಕೋ. ಮೊಕ ಮಾತ್ರ ಮುಟ್ಬ್ಯಾಡ. ಕುಂಕುಮ ಹೋಗಿದ್ರೆ ನಮ್ಮೋಳಿಗೆ ಗೊತ್ತಾಯ್ತದೆ. ಆಮೇಲೆ ಅವ್ಳು ಬೊಟ್ಟಿಡಾದೇ ನಿಲ್ಲಿಸ್ಬಿಡ್ತಾಳೆ.’

ನಾನು ಕೇಳಿದ್ದನ್ನೆಲ್ಲ ಪರೀಕ್ಷಿಸದೆ ನಂಬುವವನಲ್ಲ. ನಮ್ಮ ಮನೆಯಲ್ಲಿ ಹಳೆಯ ಪಂಚಾಂಗಗಳ ಕಟ್ಟು ಇದೆ. ಶಾಲೆಯ ರಜೆಗಳ ಪಟ್ಟಿ ಮಾಡಲು ಕೂಡಿಟ್ಟದ್ದು. ಮೂವತ್ತೆರಡು ತಾರೀಖುಗಳನ್ನೂ ಬರೆದುಕೊಂಡು ಬಂದು ಒಂದೊಂದಾಗಿ ತಾಳೆ ನೋಡಿದೆ. ಒಂದೂ ತಪ್ಪಿಲ್ಲ. ಆಯುಧಪೂಜೆಯಾದ ಮೂರನೆಯ ದಿನ, ನಾಲ್ಕನೆಯ ದಿನ, ಹೆಚ್ಚೆಂದರೆ ಆರನೆಯ ದಿನ. ಎಪ್ಪತ್ತೊಂದರಲ್ಲಿ ಮಾತ್ರ ಗೀಚಿಲ್ಲ. ನಿನ್ನೆ ನಿನ್ನ ತಾಯಿ ಲಗ್ನಪತ್ರಿಕೆ ಕೊಡಲು ಬಂದಿದ್ದಾಗ, ಏನೂ ಅರಿಯದವನಂತೆ, ನಿಮ್ಮ ಮನೆಯಲ್ಲಿ ಆಯುಧಪೂಜೆ ಎಂದಾದರೂ ತಪ್ಪಿತ್ತೇ ಎಂದು ಕೇಳಿದೆ. ‘ನಮ್ಮತ್ತೆ ಹೋದ ವರ್ಷ ಹಬ್ಬ ಇರ್ಲಿಲ್ಲ. ಬೈರ ಆಗ ಎಸ್ಸೆಲ್ಸಿ’ ಎಂದರು. ನೀನು ಎಪ್ಪತ್ತೊಂದರಲ್ಲಿಯೇ ನನ್ನ ತರಗತಿಯಲ್ಲಿದ್ದದ್ದು. ಹಬ್ಬವಿಲ್ಲದ ವರ್ಷ ಬೊಟ್ಟಿಲ್ಲ. ಬೊಟ್ಟಿಲ್ಲದ ವರ್ಷ ವಿಲ್ಸನ್ ಗಾರ್ಡನ್ ಇಲ್ಲ. ಪ್ರಮೇಯವೊಂದರ ಇಷ್ಟು ಸ್ವಚ್ಛವಾದ ಸಾಧನೆಯನ್ನು ನಾನು ಕಪ್ಪುಹಲಗೆಯ ಮೇಲೂ ಬರೆದಿಲ್ಲ.

ಇನ್ನೊಂದು ತಪ್ಪೊಪ್ಪಿಗೆ ಉಳಿದಿದೆ. ಆ ವರ್ಷವೇ ರಾಗಿ ಕೊಯ್ಲಿಗೆಂದು ನಿನ್ನನ್ನು ಎಂಟು ದಿನ ಶಾಲೆ ಬಿಡಿಸಿದರೆಂದು ನಿನ್ನ ತಂದೆಯನ್ನು ಕರೆಸಿದ್ದೆ. ಹೊಲದಿಂದ ನೇರವಾಗಿ ಬಂದಿದ್ದರು. ಮಣ್ಣು ಮೆತ್ತಿದ ಕೈಯಲ್ಲಿ ಈ ಚಿನ್ನದ ಗಡಿಯಾರ, ಅದರ ಮೇಲೆ ಕರವಸ್ತ್ರದ ಕಟ್ಟು. ‘ಮಗನ ಓದಿಗಿಂತ ನಿಮಗೆ ಶೋಕಿ ಮುಖ್ಯ’ ಎಂದು ಎಲ್ಲ ಉಪಾಧ್ಯಾಯರ ಎದುರಿಗೆ ಅಂದೆ. ಅವರು ನಕ್ಕು, ‘ಹೌದು ಸ್ವಾಮಿ’ ಎಂದು ಹೊರಟುಹೋದರು. ಮರುದಿನದಿಂದ ನೀನು ಶಾಲೆಗೆ ಬಂದೆ. ಆ ಮನುಷ್ಯ ಹೇಳದೆ ನುಂಗಿಕೊಂಡ ಮಾತುಗಳಲ್ಲಿ ನನ್ನದೂ ಒಂದು ಇತ್ತೆಂದು ಇಪ್ಪತ್ತೇಳು ವರ್ಷಗಳ ಮೇಲೆ ಒಂದು ಮುಚ್ಚಳದಿಂದ ತಿಳಿಯಬೇಕಾಯಿತು.

ಬೈರಣ್ಣ, ನಾನು ಜೀವನದಲ್ಲಿ ಬಹಳ ಜನ ವಿದ್ವಾಂಸರನ್ನು ಕಂಡಿದ್ದೇನೆ. ಹೆಂಡತಿಯ ತಪ್ಪನ್ನು ಕಂಡೂ ತಿದ್ದದೆ, ಅದರ ಫಲವನ್ನು ಮಾತ್ರ ಪ್ರತಿ ವರ್ಷ ಬಸ್ಸು ಹತ್ತಿ ಹೋಗಿ ತಿದ್ದಿಸಿಕೊಂಡು ಬಂದವರನ್ನು ಕಂಡಿರಲಿಲ್ಲ. ತೀರಿಹೋದ ನಮ್ಮ ಮನೆಯವರು ಹಾಕಿದ ರಂಗೋಲಿಯ ಚುಕ್ಕಿಗಳ ಅಂತರವನ್ನು ಕೂಡ ನಾನು ಅಳತೆಪಟ್ಟಿಯಿಂದ ತಿದ್ದಿದವನು. ಅವರು ಆಮೇಲೆ ರಂಗೋಲಿ ಹಾಕುವುದನ್ನೇ ಬಿಟ್ಟರು. ಇರಲಿ.

ಈಗ ವಿಷಯಕ್ಕೆ ಬರುತ್ತೇನೆ. ಮೆಷಿನ್ ಸಿದ್ಧವಾಗಿದೆ. ತುಕ್ಕು ಹೋಗಿ, ಗಡಿಯಾರ ಈ ಮೇಜಿನ ಮೇಲೆ ನಡೆಯುತ್ತಿದೆ. ದಿನಕ್ಕೆ ಅರ್ಧ ನಿಮಿಷವೂ ಹಿಂದೆ ಬೀಳುತ್ತಿಲ್ಲ. ಉಳಿದದ್ದು ಮುಖ ಮತ್ತು ಪಾಲಿಶ್. ಚಿಕ್ಕಪೇಟೆಯಲ್ಲಿ ಡಯಲ್ ಬರೆಯುವವರಿದ್ದಾರೆ. ಹಳೆಯದನ್ನು ಪೂರ್ತಿ ಕೆರೆದು, ಬಣ್ಣ ಕೊಟ್ಟು, ಹನ್ನೆರಡು ಅಂಕೆಗಳನ್ನೂ ಹೊಸದಾಗಿ ಬರೆಯುತ್ತಾರೆ. ಪಾಲಿಶ್ ಚಕ್ರಕ್ಕೆ ಹಿಡಿದರೆ ಚಿನ್ನ ಫಳಫಳ ಎನ್ನುತ್ತದೆ, ಮುಚ್ಚಳದ ಒಳಗೂ ಕನ್ನಡಿಯಂತಾಗುತ್ತದೆ. ಅಂದರೆ ಕಲೆಯೂ ಇರುವುದಿಲ್ಲ, ಮೂವತ್ತೆರಡು ಗೀಚುಗಳೂ ಇರುವುದಿಲ್ಲ. ‘ಮಾಡಿಸ್ಕೊಡಿ ಅಂದ್ರೆ ಮಾಡಿಸ್ಕೊಡ್ತೀನಿ ಸಾರ್, ಅದು ನನ್ನ ಕೆಲ್ಸ. ಆದ್ರೆ ಮನೆಯೋರು ಒಂದ್ಸಲ ಯೋಚ್ನೆ ಮಾಡ್ಲಿ’ ಎಂದು ಪಿಳ್ಳಣ್ಣ ಗಡಿಯಾರವನ್ನು ನನ್ನ ಕೈಗೇ ಕೊಟ್ಟು ಕಳಿಸಿದ್ದಾರೆ. ಮದುವೆಗೆ ಇನ್ನು ಹದಿನೇಳು ದಿನ. ಡಯಲ್ ಬರೆಸಲು ಹತ್ತು ದಿನ ಬೇಕು. ಸೋಮವಾರದೊಳಗೆ ನೀನು ನಿರ್ಧರಿಸಬೇಕು.

ನನ್ನ ಅಭಿಪ್ರಾಯ ಇದು. ಮುಖವನ್ನು ಮುಟ್ಟಿಸಬೇಡ. ಚಿನ್ನಕ್ಕೆ ಮೆತ್ತನೆಯ ಬಟ್ಟೆಯ ಒರಸು ಸಾಕು. ಅಳಿಯನಿಗೆ ಇದನ್ನು ಕೊಡುವು­ದಾದರೆ ಕಲೆಯೊಡನೆಯೇ ಕೊಡು, ಕಾರಣವನ್ನು ಹೇಳಿ ಕೊಡು. ಕೇಳಿ ತಿಳಿಯುವ ಹುಡುಗನಾದರೆ ಹಳೆಯ ಸಾಮಾನು ಎನ್ನುವುದಿಲ್ಲ. ನಿನ್ನ ತಾಯಿಗೆ ಮಾತ್ರ ಈ ಯಾವುದನ್ನೂ ಹೇಳಬೇಡ. ತಾವು ಭಕ್ತಿಯಿಂದ ಇಟ್ಟ ಬೊಟ್ಟೇ ಗಂಡನ ಗಡಿಯಾರವನ್ನು ಕೆಡಿಸುತ್ತಿತ್ತೆಂದು ತಿಳಿದರೆ ಅವರು ತಡೆದುಕೊಳ್ಳಲಾರರು. ನಿನ್ನ ತಂದೆ ಮೂವತ್ತು ವರ್ಷಕ್ಕೂ ಮೇಲೆ ಕಾಪಾಡಿದ ಗುಟ್ಟನ್ನು ಒಡೆಯುವ ಹಕ್ಕು ನಿನಗೂ ಇಲ್ಲ, ನನಗೂ ಇಲ್ಲ.

ಆರರ ವಿಷಯದಲ್ಲಿ ನನ್ನನ್ನು ಕ್ಷಮಿಸು. ಮದುವೆಗೆ ಎರಡು ದಿನ ಮುಂಚೆಯೇ ಬಂದು, ಬಂದವರ ಪಂಕ್ತಿಗಳನ್ನು ಸರಿಯಾಗಿ ಕೂರಿಸುವ ಹೊಣೆಯನ್ನು ಹೊರುತ್ತೇನೆ. ಅಲ್ಲಿ ಕೆಡಿಸುವಂಥದ್ದು ನನ್ನ ಕೈಗೆ ಸಿಕ್ಕಲಾರದು.

ಇಂತು ನಿನ್ನ ಶ್ರೇಯಸ್ಸನ್ನು ಬಯಸುವ,
ಬದರಿನಾಥ

ತಾ. ಕ. — ೧೩ ನವೆಂಬರ್, ಬೆಳಿಗ್ಗೆ ಹನ್ನೊಂದು ಗಂಟೆ.

ಲಕೋಟೆ ಅಂಟಿಸುವುದರೊಳಗೆ ನಿನ್ನ ತಾಯಿ ಬಂದರು. ಹೊಸಕೆರೆಹಳ್ಳಿಯಿಂದ ನಡೆದೇ ಬಂದಿದ್ದರು. ಕುರ್ಚಿ ತೋರಿಸಿದರೂ ಕುಳಿತುಕೊಳ್ಳಲಿಲ್ಲ. ‘ಮೇಷ್ಟ್ರೇ, ನಮ್ಮತ್ತೆ ಹೋದ ವರ್ಷದ ಹಬ್ಬ ಕಟ್ಕಂಡು ನಿಮ್ಗೇನಾಗ್ಬೇಕಿತ್ತು? ಸುಮ್ಸುಮ್ನೆ ಕೇಳೋರಲ್ಲ ನೀವು’ ಎಂದರು. ಏನಾದರೊಂದು ಹೇಳಿ ಸಾಗಹಾಕೋಣವೆಂದು ಬಾಯಿ ತೆರೆದೆ. ನಿನ್ನ ತಂದೆಗಿದ್ದ ಶಕ್ತಿ ನನಗಿಲ್ಲ, ಬೈರಣ್ಣ. ಈ ಕಾಗದವನ್ನೇ ಮೊದಲಿಂದ ಕೊನೆಯವರೆಗೆ ಓದಿ ಹೇಳಿದೆ. ನನ್ನ ತಪ್ಪುಗಳನ್ನೂ ಬಿಡಲಿಲ್ಲ.

ಅಳುತ್ತಾರೆಂದುಕೊಂಡಿದ್ದೆ. ಅಳಲಿಲ್ಲ. ‘ಹಬ್ಬ ಆದ್ಮೇಲೆ ಒಂದಿನ ಯೋಳ್ದೆ ಕೇಳ್ದೆ ಹೋಗ್ಬಿಡೋರು. ಸಂಜೆಗೆ ಬರೋರು. ಎಲ್ಲೋಗಿದ್ರಿ ಅಂದ್ರೆ ನಗೋರು. ಹೆಂಡದಂಗಡೀಲಿ ಕೂತಿದ್ದು ಬತ್ತವ್ರೆ ಅಂದ್ಕಂಡಿದ್ದೆ ಮೇಷ್ಟ್ರೇ. ಮುದ್ದೆ ಇಕ್ತಿದ್ದೆ, ಮಾತಾಡ್ತಿರ್ಲಿಲ್ಲ. ಪ್ರತಿ ವರ್ಷ ಮೂರು ದಿನ ಮಾತು ಬಿಡ್ತಿದ್ದೆ. ಒಂದ್ಸಲನಾದ್ರೂ ಇಲ್ಲ ಕಣೇ ಅನ್ಬೇಕಲ್ವಾ ಆ ಮನುಷ್ಯ?’ ಎಂದರು.

ಆಮೇಲೆ ಮೇಜಿನ ಮೇಲಿದ್ದ ಗಡಿಯಾರವನ್ನು ತೆಗೆದುಕೊಂಡು ತಮ್ಮ ಕೈಗೆ ತಾವೇ ಕಟ್ಟಿಕೊಂಡರು. ಚರ್ಮದ ಪಟ್ಟಿಯ ಕೊನೆಯ ತೂತಿಗೆ ಹಾಕಿದರೂ ಮೊಣಕೈಯವರೆಗೆ ಜಾರುತ್ತದೆ. ‘ಬೈರಂಗೆ ಬರೀರಿ. ಹುಡುಗಂಗೆ ಅಂಗಡಿಯಿಂದ ಹೊಸ ವಾಚ್ ಕೊಡಿಸ್ಲಿ. ಇದನ್ನ ಯಾರಿಗೂ ಕೊಡಲ್ಲ’ ಎಂದರು. ಆದ್ದರಿಂದ ಮೇಲೆ ನಾನು ಬರೆದ ಅಭಿಪ್ರಾಯವನ್ನೆಲ್ಲ ಹೊಡೆದುಹಾಕಿದ್ದೇನೆಂದು ತಿಳಿ. ತೀರ್ಮಾನ ಆಗಿದೆ.

ಪಟ್ಟಿಗೆ ಇನ್ನೆರಡು ತೂತು ಹಾಕಿಸಲು ಈಗಲೇ ವಿಲ್ಸನ್ ಗಾರ್ಡನ್ನಿಗೆ ಹೋಗಬೇಕಂತೆ. ಆಟೋ ಬಾಗಿಲಲ್ಲಿ ನಿಂತಿದೆ. ನಿನ್ನ ತಾಯಿ ಆಗಲೇ ಹತ್ತಿ ಕುಳಿತು, ಕೈಯನ್ನು ಮುಖದ ಹತ್ತಿರ ಹಿಡಿದುಕೊಂಡು, ಗಡಿಯಾರದೊಡನೆ ಏನೋ ಮಾತಾಡುತ್ತಿದ್ದಾರೆ. ಇಲ್ಲಿಗೆ ಬೈಗುಳದಂತೆ ಕೇಳಿಸುತ್ತಿದೆ. ನಾನು ಹೊರಟೆ.